ನಾಲ್ವರ ಹಗ್ಗ

ನನ್ನ ಎಡ ಮೊಣಕಾಲಿನೊಳಗೆ ಏನೋ ಕಿತ್ತುಬಂದ ಸದ್ದು ನನಗೇ ಕೇಳಿಸಿತು. ಒಣಕಡ್ಡಿ ಮುರಿದಂಥ ಸದ್ದು. ಯಲಹಂಕದಾಚೆಯ ಕೆಂಪು ಮಣ್ಣಿನ ಮೈದಾನದಲ್ಲಿ ಬೆಳಗಿನ ಪ್ರಾಕ್ಟೀಸ್ ನಡೆಯುತ್ತಿತ್ತು, ನಮ್ಮನಮ್ಮಲ್ಲೇ ಎರಡು ತಂಡ ಮಾಡಿಕೊಂಡು ಆಡುತ್ತಿದ್ದೆವು. ಯಾರೂ ನನ್ನನ್ನು ಮುಟ್ಟಿರಲಿಲ್ಲ. ತಲೆ ಮೇಲಿಂದ ಹಾರಿದ ಚೆಂಡಿನ ಹಿಂದೆ ಓಡಲು ಎಡಗಾಲು ಊರಿ ಬಲಕ್ಕೆ ತಿರುಗಿದೆ. ಮೈ ತಿರುಗಿತು, ಪಾದ ನೆಲದಲ್ಲೇ ಉಳಿಯಿತು. ಬಿದ್ದೆ, ಎದ್ದೆ. ಕೋಚ್ ದೂರದಿಂದಲೇ "ಏನಾಯ್ತಮ್ಮ?" ಎಂದು ಕೇಳಿದರು. "ಏನಿಲ್ಲ ಸರ್, ಶೂ ಜಾರ್ತು" ಎಂದೆ. ಆ ಸುಳ್ಳು ಅಷ್ಟು ಸಲೀಸಾಗಿ ಹೇಗೆ ಬಂತೋ, ಇವತ್ತಿಗೂ ನನಗೆ ಆಶ್ಚರ್ಯ.

ಅದು ನೋಟು ಬ್ಯಾನ್ ಆದ ಮರುವರ್ಷ. ನಾನು ಒಂದು ಮಹಿಳಾ ಕ್ಲಬ್ಬಿಗೆ ಸ್ಟಾಪರ್ ಆಗಿ ಆಡುತ್ತಿದ್ದೆ. ಸ್ಟಾಪರ್ ಎಂದರೆ ಗೋಲ್‌ಕೀಪರ್‌ಗೆ ನೇರ ಮುಂದೆ, ಡಿಫೆನ್ಸಿನ ನಟ್ಟನಡುವೆ ನಿಲ್ಲುವವಳು. ಗೋಲು ಹೊಡೆದವಳ ಫೋಟೊ ಪೇಪರಿನಲ್ಲಿ ಬರುತ್ತದೆ. ಸ್ಟಾಪರ್ ಫೋಟೊ ಬಂತೆಂದರೆ ಅದು ಗೋಲು ಬಿಟ್ಟ ದಿನ, ಹಿಂದೆ ನೆಲದ ಮೇಲೆ ಬಿದ್ದುಕೊಂಡಿರುವ ಫೋಟೊ. ಗಂಗಾನಗರದ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ನನ್ನನ್ನು ನೋಡಿ "ನೀನು ಉದ್ದ ಇದ್ದೀಯ, ಹಿಂದೆ ನಿಂತ್ಕೋ" ಅಂದಿದ್ದರು. ಹೋಗಿ ನಿಂತೆ. ಹದಿಮೂರು ವರ್ಷ ಅಲ್ಲೇ ನಿಂತಿದ್ದೆ.

ಫುಟ್‌ಬಾಲ್ ಆಡಿಕೊಂಡು ಹೆಣ್ಣುಮಕ್ಕಳು ಬದುಕಬಹುದು ಅಂದುಕೊಂಡವರು ಯಾರಾದರೂ ಇದ್ದರೆ ಹೇಳಿಬಿಡುತ್ತೇನೆ, ಆಗುವುದಿಲ್ಲ. ಸೀಸನ್ ಇರುವಷ್ಟು ದಿನ ಕ್ಲಬ್ಬು, ಆಮೇಲೆ ನಿಮ್ಮ ಹಣೆಬರಹ. ನಮಗೆಲ್ಲ ಕಾಣುತ್ತಿದ್ದ ಒಂದೇ ಬಾಗಿಲು ಸ್ಪೋರ್ಟ್ಸ್ ಕೋಟಾ. ಆ ವರ್ಷ ಒಂದು ಸರ್ಕಾರಿ ಸಂಸ್ಥೆ ತನ್ನ ಮಹಿಳಾ ತಂಡಕ್ಕೆ ಆಟಗಾರ್ತಿಯರನ್ನು ತೆಗೆದುಕೊಳ್ಳುವುದಿತ್ತು. ಸೀಸನ್ನಿನ ಕೊನೆಗೆ ಟ್ರಯಲ್. ಆಯ್ಕೆಯಾದರೆ ಕಾಯಂ ಕೆಲಸ, ಜೊತೆಗೆ ಆಟ. ನನ್ನ ವಯಸ್ಸು ಮಿತಿಯ ಅಂಚಿಗೆ ಬಂದಿತ್ತು, ಇನ್ನೊಂದು ವರ್ಷ ಕಾಯುವಂತಿರಲಿಲ್ಲ. ಮೊಣಕಾಲು ಹೋಗಿದೆ ಎಂಬ ಮಾತು ಕ್ಲಬ್ಬಿನಿಂದ ಹೊರಗೆ ಬಿದ್ದರೆ ಟ್ರಯಲ್‌ಗೆ ಕರೆಯುವುದೇ ಇಲ್ಲ. ನಾನು ಮುಚ್ಚಿಟ್ಟದ್ದು ಅದಕ್ಕೆ. ಬೇರೆ ದೊಡ್ಡ ಕಾರಣ ಏನೂ ಇಲ್ಲ.

ನಮ್ಮಪ್ಪ ಯಶವಂತಪುರದ ಯಾರ್ಡಿನಲ್ಲಿ ಮೂಟೆ ಹೊರುತ್ತಿದ್ದ. ಸೊಂಟ ಹಿಡಿದುಕೊಂಡ ದಿನ ಟವೆಲನ್ನು ಬಿಗಿಯಾಗಿ ಕಟ್ಟಿಕೊಂಡು, ಮೇಲೆ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಅಮ್ಮ ಬೈದರೆ "ನೋವು ಅಂತ ಬಾಯ್ಬಿಟ್ರೆ ನಾಳೆಯಿಂದ ನನ್ ಜಾಗದಲ್ಲಿ ಇನ್ನೊಬ್ಬ ನಿಂತಿರ್ತಾನೆ ಕಣೇ" ಎನ್ನುತ್ತಿದ್ದ. ಮೊಣಕಾಲು ಊದಿಕೊಂಡು ಮನೆಗೆ ಬಂದ ದಿನ ಅವನು ನೋಡಿದ. ಒಳಗೆ ಹೋಗಿ ಎಳ್ಳೆಣ್ಣೆ ಬಿಸಿ ಮಾಡಿಸಿಕೊಂಡು ತಂದ.

ಸಹಕಾರನಗರದಲ್ಲಿ ಪರಿಚಯದ ಫಿಸಿಯೋ ಒಬ್ಬರಿದ್ದರು. ನನ್ನನ್ನು ಮಲಗಿಸಿ, ಕಾಲು ಮಡಿಚಿಸಿ, ಮೊಣಕಾಲಿನ ಕೆಳಗೆ ಎರಡೂ ಕೈಯಿಂದ ಹಿಡಿದು ಮುಂದಕ್ಕೆ ಎಳೆದರು. ಬಲಗಾಲು ಜಗ್ಗಲಿಲ್ಲ. ಎಡಗಾಲು ಹಳೇ ಮೇಜಿನ ಖಾನೆಯ ಹಾಗೆ ಸರಕ್ಕನೆ ಮುಂದೆ ಬಂತು. ಅವರು ಮುಖ ಸಣ್ಣದು ಮಾಡಿಕೊಂಡು "ಲಿಗಮೆಂಟ್ ಹರಿದಿರೋ ಹಾಗಿದೆ. ಎಂಆರ್‌ಐ ಮಾಡಿಸ್ಬೇಕು. ಆಪರೇಷನ್ ಆದ್ರೆ ಎಂಟೊಂಬತ್ತು ತಿಂಗಳು ಆಟ ಇಲ್ಲ" ಎಂದರು. ಆಪರೇಷನ್ ಇಲ್ಲದೆ ಆಡಿದರೆ ಎಂದು ಕೇಳಿದೆ. "ನೇರ ಓಡ್ಬಹುದು. ತಿರುಗೋವಾಗ ಕಾಲು ಕೈಕೊಡುತ್ತೆ. ಯಾವಾಗ ಅಂತ ಹೇಳಕ್ಕಾಗಲ್ಲ." ಯಾರಿಗೂ ಹೇಳಬೇಡಿ ಎಂದು ಕೈ ಮುಗಿದು ಬಂದೆ. ಎಂಆರ್‌ಐ ಮಾಡಿಸಲಿಲ್ಲ. ಮಾಡಿಸಿದರೆ ಕಾಗದದ ಮೇಲೆ ಬಂದುಬಿಡುತ್ತದಲ್ಲ.

ಎರಡು ವಾರ ಜ್ವರ ಎಂದು ಹೇಳಿ ಮನೆಯಲ್ಲಿದ್ದೆ. ನಾಟಿ ಕಟ್ಟು ಹಾಕಿಸಿಕೊಂಡೆ. ಊತ ಇಳಿಯಿತು. ಆಮೇಲೆ ನನ್ನ ಕಾಲಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಮನೆ ಹಿಂದಿನ ಖಾಲಿ ಸೈಟಿನಲ್ಲಿ ಒಬ್ಬಳೇ ಪರೀಕ್ಷೆ ಮಾಡಿದೆ. ನೇರ ಓಟ ಆಗುತ್ತದೆ. ಹೆಡ್ಡಿಂಗಿಗೆ ನೆಗೆಯುವುದು ಆಗುತ್ತದೆ, ಬಲಗಾಲ ಮೇಲೆ ಇಳಿದರೆ. ಎಡಕ್ಕೆ ತಿರುಗುವುದು ಆಗುತ್ತದೆ. ಎಡಗಾಲೂರಿ ಬಲಕ್ಕೆ ತಿರುಗುವುದು ಆಗುವುದೇ ಇಲ್ಲ. ಚೆಂಡು ನನ್ನ ಬಲಭುಜದ ಮೇಲಿಂದ ಹಿಂದೆ ಹೋಯಿತೋ, ನನ್ನ ಕಥೆ ಮುಗಿಯಿತು. ಹಾಗಾದರೆ ಚೆಂಡು ಹಿಂದೆ ಹೋಗಲೇಬಾರದು. ಹೋದರೂ ಅದು ಆಫ್‌ಸೈಡ್ ಆಗಿರಬೇಕು.

ಆಫ್‌ಸೈಡ್ ಅಂದರೆ ಇಷ್ಟೇ: ಎದುರಿನವಳು ಚೆಂಡು ಒದೆಯುವ ಗಳಿಗೆಯಲ್ಲಿ ಅವಳ ಕಡೆಯ ಹುಡುಗಿ ನಮ್ಮ ಡಿಫೆಂಡರ್‌ಗಳನ್ನು ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಆ ಚೆಂಡು ಅವರದಲ್ಲ. ಆದ್ದರಿಂದ ನಾವು ನಾಲ್ವರು ಡಿಫೆಂಡರ್‌ಗಳು ಒಂದೇ ಗೆರೆಯಲ್ಲಿ ನಿಂತು, ಅವಳು ಒದೆಯುವ ಆ ಒಂದು ಗಳಿಗೆಗೆ ಸರಿಯಾಗಿ ಮುಂದಕ್ಕೆ ಎರಡು ಹೆಜ್ಜೆ ಹಾಕಿದರೆ, ಅವರ ಸ್ಟ್ರೈಕರ್ ಹಿಂದೆ ಉಳಿದು ಸಿಕ್ಕಿಬೀಳುತ್ತಾಳೆ. ಯಾವಾಗ ಮುಂದೆ ಹೋಗಬೇಕು ಎಂದು ಕೂಗುವ ಕೆಲಸ ಸ್ಟಾಪರಳದು. ನಾನು "ಏರು" ಎಂದು ಕೂಗುತ್ತಿದ್ದೆ. ಒದೆಯುವವಳ ಕಾಲು ಹಿಂದಕ್ಕೆ ಹೋಗುವಾಗ ಕೂಗಬೇಕು. ಅದಕ್ಕಿಂತ ಮೊದಲು ಕೂಗಿದರೆ ಅವಳು ನೋಡಿಬಿಡುತ್ತಾಳೆ, ತಡವಾದರೆ ಚೆಂಡು ಹೋಗಿರುತ್ತದೆ.

ಇದನ್ನೇ ಹೆಚ್ಚು ಆಡೋಣ ಎಂದು ಕೋಚ್‌ಗೆ ನಾನೇ ಹೇಳಿದೆ. ಅವರಿಗೆ ಖುಷಿಯಾಯಿತು. "ತಲೆ ಓಡಿಸ್ತಿದ್ದೀಯ, ಗುಡ್" ಎಂದರು. ಬಟ್ಟೆ ಒಣಹಾಕುವ ನೀಲಿ ನೈಲಾನ್ ಹಗ್ಗ ತಂದೆ. ದಿನಾ ಬೆಳಿಗ್ಗೆ ನಾವು ನಾಲ್ವರೂ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆವು, ಒಬ್ಬೊಬ್ಬರ ನಡುವೆ ಹತ್ತು ಹೆಜ್ಜೆ. ನಾನು "ಏರು" ಅಂದಾಗ ಯಾರು ಹಿಂದುಳಿದರೂ ಹಗ್ಗ ಸೊಂಟಕ್ಕೆ ಕೊರೆಯುತ್ತಿತ್ತು. ವಾರದೊಳಗೆ ಎಲ್ಲರ ಸೊಂಟದ ಮೇಲೂ ಕೆಂಪು ಗೆರೆ ಎದ್ದಿತ್ತು. ಹಗ್ಗ ಬಿಚ್ಚಿದ ಮೇಲೂ ಒಟ್ಟಿಗೆ ಹೆಜ್ಜೆ ಹಾಕುವುದು ರೂಢಿಯಾಗುವವರೆಗೆ ಬಿಡಲಿಲ್ಲ.

ಆಗ ನಾನು ಹೇಳಿಕೊಟ್ಟ ಮಾತು ಅಕ್ಷರ ತಪ್ಪದೆ ನೆನಪಿದೆ. "ನಾನು ಕೂಗ್ದಾಗ ಚೆಂಡು ನೋಡ್ಬೇಡಿ, ನನ್ ಕಡೆನೂ ನೋಡ್ಬೇಡಿ, ಹೆಜ್ಜೆ ಹಾಕಿ. ನಾನು ತಪ್ಪಾಗಿ ಕೂಗಿದೀನಿ ಅಂತ ಅನ್ಸಿದ್ರೂ ಹಾಕಿ. ನಾಲ್ಕೂ ಜನ ಒಟ್ಟಿಗೆ ತಪ್ಪಾದ್ರೆ ಹಿಂದೆ ಓಡಿ ಹೇಗೋ ಸರಿ ಮಾಡ್ಕೋಬಹುದು. ಒಬ್ಳು ಮಾತ್ರ ಸರಿಯಾಗಿ ನಿಂತ್ರೆ ಅದೇ ಗೋಲು." ಇದು ನಾನು ಹುಟ್ಟಿಸಿದ್ದಲ್ಲ, ಡಿಫೆಂಡರ್‌ಗಳೆಲ್ಲ ಕಲಿಯುವ ಪಾಠ. ಆದರೆ ಅವರಿಗೆ ಕಲಿಸಿದವಳು ನಾನು.

ನನ್ನ ಎಡಪಕ್ಕದಲ್ಲಿ ನಿಂತು ಲೆಫ್ಟ್ ಬ್ಯಾಕ್ ಆಡುತ್ತಿದ್ದವಳಿಗೆ ಆಗ ಹತ್ತೊಂಬತ್ತು. ಆರ್.ಟಿ. ನಗರದ ಹುಡುಗಿ. ಅವಳ ಅಬ್ಬಾ ಬೈಕು, ಸ್ಕೂಟರುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ ಇಟ್ಟಿದ್ದರು, ಮನೆ ಅಂಗಡಿಯ ಮೇಲೆಯೇ. ನಾಲ್ವರಲ್ಲಿ ಚಿಕ್ಕವಳಾದ್ದರಿಂದ ಹಗ್ಗ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ತರುವ ಕೆಲಸ ಅವಳದು. ಮಾತು ಕಡಿಮೆ, ಕಣ್ಣು ಬಲು ಚುರುಕು. ಒಂದು ದಿನ ಹೆಬ್ಬಾಳದ ಸ್ಕೈವಾಕಿನ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಬಂದು ನನ್ನ ಕಿಟ್ ಬ್ಯಾಗ್ ಹಿಡಿದಳು. "ಕೊಡಿ ಅಕ್ಕ, ನಾನ್ ಹಿಡ್ಕೋತೀನಿ."

"ಯಾಕೆ, ನಂಗೇನ್ ಕೈ ಇಲ್ವಾ?" ಎಂದು ರೇಗಿದೆ. ಅವಳು ಬ್ಯಾಗ್ ಬಿಟ್ಟು ಸುಮ್ಮನೆ ಪಕ್ಕದಲ್ಲಿ ಇಳಿದಳು. ನಾನು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿಯುತ್ತಿದ್ದೆ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಹಗ್ಗದ ಆಟ ಫಲ ಕೊಟ್ಟಿತು. ನಾಲ್ಕು ಮ್ಯಾಚಿನಲ್ಲಿ ಒಂದೇ ಗೋಲು ಬಿಟ್ಟೆವು. ಮ್ಯಾಚಿಗೆ ಮುಂಚೆ ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು, ಮೊಣಕಾಲಿನ ಎರಡೂ ಬದಿಗೆ ಟೇಪು ಅಡ್ಡಡ್ಡ ಸುತ್ತಿ, ಮೇಲೆ ಉದ್ದನೆಯ ಸಾಕ್ಸ್ ಎಳೆದುಕೊಂಡು ಬರುತ್ತಿದ್ದೆ. ನೋವಿನ ಮಾತ್ರೆ ಒಂದರಿಂದ ಎರಡಾಯಿತು. ಎರಡು ಸಲ ಆಟದ ನಡುವೆ ಮೊಣಕಾಲು ಕುಸಿದಾಗ ಲೇಸ್ ಕಟ್ಟಿಕೊಳ್ಳುವವಳ ಹಾಗೆ ಕೂತೆ. ಅಷ್ಟು ನಾಟಕ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ.

ಸೆಮಿಫೈನಲ್ ಬಂತು. ಟ್ರಯಲ್ ನಡೆಸುವ ಸಂಸ್ಥೆಯ ಸೆಲೆಕ್ಟರ್ ಬಂದು ಕುರ್ಚಿಯಲ್ಲಿ ಕೂತಿದ್ದಾರೆ ಎಂದು ಕೋಚ್ ಡ್ರೆಸ್ಸಿಂಗ್ ರೂಮಿನಲ್ಲೇ ಹೇಳಿದರು. ನಮ್ಮ ತಂಡ ಒಂದು ಗೋಲು ಮುಂದಿತ್ತು. ಮುಗಿಯಲು ಇಪ್ಪತ್ತು ನಿಮಿಷ ಇರುವಾಗ ನನ್ನ ಕಾಲು ಒಮ್ಮೆ ಕುಸಿಯಿತು, ಸಾವರಿಸಿಕೊಂಡೆ. ಅಲ್ಲಿಂದಾಚೆಗೆ ನನಗೆ ಭಯ ಹಿಡಿಯಿತು. ಆಟದ ಕಡೆ ಗಮನ ಹೋಗುತ್ತಿರಲಿಲ್ಲ, ಕಾಲಿನ ಕಡೆಗೇ ಹೋಗುತ್ತಿತ್ತು.

ಮೈದಾನದ ಮಧ್ಯದಲ್ಲಿ ಆಡುವ ಅವರ ಹಾಫ್ ಒಬ್ಬಳಿಗೆ ಚೆಂಡು ಸಿಕ್ಕಿತು. ಅವಳು ತಲೆಯೆತ್ತಿ ನೋಡಿದಳು. ಅವರ ಸ್ಟ್ರೈಕರ್ ನನ್ನ ಬಲಭುಜಕ್ಕೆ ಅಂಟಿಕೊಂಡಂತೆ ನಿಂತಿದ್ದಳು. ಚೆಂಡು ನನ್ನ ಬಲಕ್ಕೇ ಬೀಳುವುದು ಎಂದು ತಲೆಯಲ್ಲಿ ಬಂತು. ನಾನು ತಿರುಗಲಾರೆ. ಅವಳ ಕಾಲು ಇನ್ನೂ ಹಿಂದೆ ಹೋಗಿರಲಿಲ್ಲ. ನಾನು "ಏರು" ಎಂದು ಕೂಗಿಬಿಟ್ಟೆ.

ನಾಲ್ವರೂ ಮುಂದೆ ಬಂದೆವು. ಅವಳು ಒದೆಯಲೇ ಇಲ್ಲ. ನಾವು ಏರಿದ್ದನ್ನು ನೋಡಿ ಚೆಂಡನ್ನು ಕಾಲಡಿಯಲ್ಲೇ ಹಿಡಿದಳು. ಅಷ್ಟರಲ್ಲಿ ಅವರ ಇನ್ನೊಬ್ಬ ಹುಡುಗಿ ದೂರದಿಂದ ಓಡುತ್ತ ಬಂದು, ನನಗೂ ಲೆಫ್ಟ್ ಬ್ಯಾಕಿಗೂ ನಡುವೆ ನುಗ್ಗಿದಳು. ಆಗ ಚೆಂಡು ಬಂತು. ಆಫ್‌ಸೈಡ್ ಇಲ್ಲ, ಏನೂ ಇಲ್ಲ, ಹಿಂದೆ ಅರ್ಧ ಮೈದಾನ ಖಾಲಿ.

ಅವಳನ್ನು ಹಿಡಿಯಬೇಕಾದವಳು ನಾನು, ಹತ್ತಿರ ಇದ್ದದ್ದು ನಾನು. ಎಡಕ್ಕೆ ತಿರುಗುವುದು ಬೇರೆ ದಿನ ಆಗುತ್ತಿತ್ತು, ಅವತ್ತು ಕಾಲು ಒಮ್ಮೆ ಕುಸಿದ ಮೇಲೆ ಎಡಗಾಲ ಮೇಲೆ ಭಾರ ಹಾಕಲು ಧೈರ್ಯ ಬರಲಿಲ್ಲ. ಸಂದಿಯಲ್ಲಿ ಬಸ್ಸು ತಿರುಗಿಸುವವರ ಹಾಗೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಸುತ್ತು ಹಾಕಿ ತಿರುಗಿದೆ. ಅಷ್ಟರಲ್ಲಿ ಲೆಫ್ಟ್ ಬ್ಯಾಕ್ ತನ್ನ ಜಾಗ ಬಿಟ್ಟು, ನನ್ನ ಮುಂದೆಯೇ ಅಡ್ಡಹಾಯ್ದು ಓಡುತ್ತಿದ್ದಳು. ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ ಜಾರಿ ಬಿದ್ದು ಚೆಂಡನ್ನು ಹೊರಗೆ ತಳ್ಳಿದಳು. ಗೋಲ್‌ಪೋಸ್ಟ್ ಬಿಟ್ಟು ಮುಂದೆ ಓಡಿ ಬಂದಿದ್ದ ನಮ್ಮದೇ ಗೋಲ್‌ಕೀಪರ್ ತಡೆದುಕೊಳ್ಳಲಾಗದೆ ಅವಳ ಬಲಗಾಲ ಮೇಲೆ ಬಿದ್ದಳು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದವು. ಅವಳು ಕಿರುಚಲಿಲ್ಲ. ಕೈಯಲ್ಲಿ ಮಣ್ಣು ಹಿಡಿದುಕೊಂಡು ಹಾಗೇ ಮಲಗಿದ್ದಳು, ಕಾಲು ತಿರುಗಬಾರದ ಕಡೆಗೆ ತಿರುಗಿತ್ತು.

ಮ್ಯಾಚ್ ಗೆದ್ದೆವು.

ಸಂಜೆ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ನಿಂತಿದ್ದೆ. ಇನ್ನೊಂದು ಪಕ್ಕದಲ್ಲಿ ಕೋಚ್. ಮರುದಿನ ಬೆಳಿಗ್ಗೆ ರಾಡ್ ಹಾಕುತ್ತಾರೆ ಎಂದು ಡಾಕ್ಟರ್ ಹೇಳಿ ಹೋಗಿದ್ದರು. ಅವಳ ಕೂದಲಲ್ಲಿ ಇನ್ನೂ ಕೆಂಪು ಮಣ್ಣಿತ್ತು. ನನ್ನನ್ನು ನೇರವಾಗಿ ನೋಡಿ ಕೇಳಿದಳು.

"ಅಕ್ಕ, ನಾನು ಲೇಟಾಗಿ ಏರಿದ್ನಾ?"

ಕೋಚ್ ಕೂಡ ನನ್ನ ಮುಖ ನೋಡಿದರು. ಅವರು ಕೂತಿದ್ದದ್ದು ಮೈದಾನದ ಆಚೆ ಬದಿಯಲ್ಲಿ, ಅವರಿಗೆ ಸರಿಯಾಗಿ ಕಂಡಿರಲಿಲ್ಲ. ಇಲ್ಲ ಕಣೇ, ನಾನೇ ಬೇಗ ಕೂಗಿದೆ ಎನ್ನಬಹುದಿತ್ತು. ಯಾಕೆ ಬೇಗ ಕೂಗಿದೆ ಎಂದು ಕೋಚ್ ಕೇಳುತ್ತಿದ್ದರು. ಹದಿಮೂರು ವರ್ಷದಲ್ಲಿ ಹಾಗೆ ಕೂಗಿದವಳಲ್ಲ ನಾನು. ಅಲ್ಲಿಂದ ಮಾತು ಮೊಣಕಾಲಿಗೆ ಬರುತ್ತಿತ್ತು, ಮೊಣಕಾಲಿನಿಂದ ಟ್ರಯಲ್‌ಗೆ.

"ಸ್ವಲ್ಪ" ಎಂದೆ. "ಸ್ವಲ್ಪ ಲೇಟಾಯ್ತು."

ಅವಳು ತಲೆಯಾಡಿಸಿ ಕಣ್ಣು ಮುಚ್ಚಿಕೊಂಡಳು.

ಮುಂದಿನ ಪ್ರಾಕ್ಟೀಸಿನಲ್ಲಿ ಕೋಚ್ ಎಲ್ಲರನ್ನೂ ಕೂರಿಸಿಕೊಂಡು ಅದನ್ನೇ ಹೇಳಿದರು. ಲೆಫ್ಟ್ ಬ್ಯಾಕ್ ತಡವಾಗಿ ಏರಿದ್ದರಿಂದ ಲೈನ್ ಒಡೆಯಿತು, ಪಾಪ, ತನ್ನ ತಪ್ಪು ತಾನೇ ತಿದ್ದಲು ಹೋಗಿ ಕಾಲು ಮುರಿದುಕೊಂಡಳು. ಗೋಲ್‌ಕೀಪರ್ ಆ ದಿನದಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಅವಳು ಮೆಲ್ಲಗೆ "ನಂಗೆ ಹಿಂದಿಂದ ಕೂಗೇ ಬೇಗ ಬಂದಂಗ್ ಕೇಳಿಸ್ತು" ಎಂದಳು.

ನಾನು ಸಿಡಿದೆ. "ನೀನು ಅಷ್ಟ್ ದೂರ ನಿಂತ್ಕೊಂಡು ಲೈನ್ ನೋಡೋದ್ ಯಾವಾಗಿಂದ ಕಲ್ತೆ? ಗೋಲ್ ಬಿಟ್ಟು ಓಡಿ ಬಂದೋಳು ನೀನು." ಅವಳ ಕಣ್ಣಲ್ಲಿ ನೀರು ಬಂತು, ಮತ್ತೆ ತುಟಿಪಿಟಕ್ಕೆನ್ನಲಿಲ್ಲ. ಇಬ್ಬರ ಬಾಯಿ ಮುಚ್ಚಿಸಿದ್ದೆ. ನನ್ನ ಬಗ್ಗೆ ನನಗೇ ಅಸಹ್ಯ ಹುಟ್ಟಿದ್ದು ಅಲ್ಲಿ, ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಲೆಫ್ಟ್ ಬ್ಯಾಕ್ ಇಲ್ಲದೆ ಫೈನಲ್ ಆಡಿದೆವು, ಸೋತೆವು. ನಾನು ಅರ್ಧ ಆಟಕ್ಕೆ ಹೊಟ್ಟೆನೋವು ಎಂದು ಹೇಳಿ ಹೊರಗೆ ಬಂದು ಕೂತಿದ್ದೆ.

ಸೆಲೆಕ್ಟರ್ ಫೋನ್ ಬಂತು. ಸೆಮಿಫೈನಲ್ಲಿನಲ್ಲಿ ನನ್ನ ಆಟ ಹಿಡಿಸಿತಂತೆ, ಲೈನನ್ನು ಚೆನ್ನಾಗಿ ನಡೆಸುತ್ತೀಯ ಎಂದರು. ಟ್ರಯಲ್ ಬರುವ ಗುರುವಾರ, ಬಂದುಬಿಡು, ಹೆಚ್ಚೇನೂ ಯೋಚನೆ ಮಾಡಬೇಡ. ಅಮ್ಮನಿಗೆ ಹೇಳಿದೆ. ಅವಳು ದೇವರ ಮುಂದೆ ದೀಪ ಹಚ್ಚಿದಳು. ಅಪ್ಪ ನನ್ನ ಮೊಣಕಾಲನ್ನೇ ನೋಡುತ್ತ ಕೂತಿದ್ದ.

ನಮ್ಮ ಎಕ್ಸ್‌ಟ್ರಾ ಗೋಲ್‌ಕೀಪರ್ ಆ ಸೆಮಿಫೈನಲ್ಲನ್ನು ತನ್ನ ಫೋನಿನಲ್ಲಿ ಹಿಡಿದಿದ್ದಳು. ಭಾನುವಾರ ಮಧ್ಯಾಹ್ನ ವಾಟ್ಸಾಪಿನಲ್ಲಿ ಕಳಿಸಿದಳು. ನೋಡಬಾರದು ಎಂದುಕೊಂಡೇ ನೋಡಿದೆ. ಚಿತ್ರ ಅಲ್ಲಾಡುತ್ತಿತ್ತು, ಆದರೆ ನನ್ನ ದನಿ ಸ್ಪಷ್ಟವಾಗಿತ್ತು. "ಏರು." ಒದೆಯುವವಳ ಎರಡೂ ಕಾಲು ಆಗ ನೆಲದ ಮೇಲಿದ್ದವು. ಲೆಫ್ಟ್ ಬ್ಯಾಕ್ ಕೂಗಿಗೆ ಸರಿಯಾಗಿ ಹೆಜ್ಜೆ ಹಾಕಿದ್ದಳು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮೂರನೇ ಸಲ ನೋಡುವಾಗ ಇನ್ನೊಂದು ಕಂಡಿತು. ಹೆಜ್ಜೆ ಹಾಕುವಾಗ ಅವಳು ಒಮ್ಮೆ ಕತ್ತು ತಿರುಗಿಸಿ ನನ್ನ ಕಡೆ ನೋಡಿದ್ದಳು. ನೋಡಬೇಡಿ ಎಂದು ಹೇಳಿಕೊಟ್ಟಿದ್ದೆನಲ್ಲ, ಯಾಕೆ ನೋಡಿದಳು ಎಂದು ಅರ್ಥವಾಗಲಿಲ್ಲ. ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ಅವಳ ನೋಟ ನನ್ನ ಮುಖದ ಕಡೆ ಇರಲಿಲ್ಲ, ಕೆಳಗಿತ್ತು.

ಮಂಗಳವಾರ ಅವಳನ್ನು ನೋಡಲು ಹಣ್ಣು ತೆಗೆದುಕೊಂಡು ಆರ್.ಟಿ. ನಗರಕ್ಕೆ ಹೋದೆ. ಅವಳು ಮಲಗಿದ್ದಳು, ಎಬ್ಬಿಸಬೇಡಿ ಎಂದೆ. ಅಂಗಡಿಯಲ್ಲಿ ಅವಳ ಅಬ್ಬಾ ಕರಿಯ ರೆಕ್ಸಿನ್ ಹರಡಿಕೊಂಡು ಕತ್ತರಿಸುತ್ತಿದ್ದರು. ಸ್ಟೂಲ್ ಒರೆಸಿ ಕೊಟ್ಟರು. ಮಗಳು ಆಡುವುದಕ್ಕೆ ಮೊದಮೊದಲು ಒಪ್ಪದ ಮನುಷ್ಯ, ಆಮೇಲೆ ತಾನೇ ಅವಳ ಶಿನ್‌ಗಾರ್ಡಿಗೆ ಒಳಗಡೆ ಸ್ಪಂಜು ಇಟ್ಟು ಹೊಲಿದು ಕೊಟ್ಟಿದ್ದರು. ನಾವು ನಾಲ್ವರೂ ಅಂಥದ್ದನ್ನೇ ಹಾಕಿಕೊಳ್ಳುತ್ತಿದ್ದೆವು.

"ಕಾಲು ವಾಸಿ ಆದ್ರೂ ಆಡಲ್ಲ ಅಂತಾಳೆ" ಎಂದರು. "ಯಾಕೆ ಅಂತ ಕೇಳಿದ್ರೆ ಬಾಯೇ ಬಿಡಲ್ಲ. ಕೋಚ್ ಸಾಹೇಬ್ರು ಹೇಳಿದ್ರು, ಇವಳೇ ಲೇಟ್ ಮಾಡಿದ್ದು ಅಂತ." ಕತ್ತರಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನಮ್ ಹುಡುಗಿಯಿಂದ ನಿಮ್ಗೆಲ್ಲ ತೊಂದ್ರೆ ಆಯ್ತಮ್ಮ. ಫೈನಲ್ ಬೇರೆ ಹೋಯ್ತಂತೆ. ಚಿಕ್ಕೋಳು, ಮನಸ್ಸಲ್ಲಿ ಇಟ್ಕೋಬೇಡಿ."

ಕಾಲು ಮುರಿದವಳ ತಂದೆ ನನ್ನ ಬಳಿ ಕ್ಷಮೆ ಕೇಳುತ್ತಿದ್ದರು. ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಣ್ಣಿನ ಚೀಲ ಸ್ಟೂಲಿನ ಮೇಲಿಟ್ಟು ಹೊರಗೆ ಬಂದೆ. ಗಂಗಾನಗರದವರೆಗೆ ನಡೆದೇ ಬಂದೆ. ಮನೆ ಮುಟ್ಟುವ ಹೊತ್ತಿಗೆ ಕಾಲು ಕಲ್ಲಾಗಿತ್ತು, ಮತ್ತು ನಾನು ಟ್ರಯಲ್‌ಗೆ ಹೋಗುವುದಿಲ್ಲ ಎಂಬುದು ತೀರ್ಮಾನವಾಗಿತ್ತು. ದೊಡ್ಡ ಮನಸ್ಸು ಮಾಡಿ ತೀರ್ಮಾನಿಸಿದ್ದೇನೂ ಅಲ್ಲ. ಇನ್ನು ಯಾವ ಮೈದಾನದಲ್ಲಿ ನಿಂತು "ಏರು" ಎಂದರೂ ಆ ಮನುಷ್ಯನ ಮುಖ ಕಣ್ಣೆದುರು ಬರುತ್ತದೆ, ದನಿ ಹೊರಡುವುದಿಲ್ಲ ಎಂದು ಗೊತ್ತಾಗಿತ್ತು, ಅಷ್ಟೇ.

ಬುಧವಾರ ಬೆಳಿಗ್ಗೆ ಮೈದಾನಕ್ಕೆ ಹೋಗಿ ಕೋಚ್ ಎದುರು ಕಲ್ಲುಬೆಂಚಿನ ಮೇಲೆ ಕೂತು ಸಾಕ್ಸ್ ಇಳಿಸಿದೆ. ಟೇಪು ಕಿತ್ತೆ. ಮೊಣಕಾಲಿನ ಕೆಳಗೆ ನನ್ನ ಕೈಯಿಂದಲೇ ಹಿಡಿದು ಎಳೆದು ತೋರಿಸಿದೆ. ಮೂರು ತಿಂಗಳಿನದೆಲ್ಲ ಹೇಳಿದೆ, ಕೂಗಿದ್ದನ್ನೂ ಹೇಳಿದೆ. ಅವರು ಕೊರಳಲ್ಲಿದ್ದ ವಿಷಲ್ಲನ್ನು ತೆಗೆದು ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತರು.

"ಅಲ್ಲಮ್ಮ, ಇಷ್ಟ್ ದಿನ ಮುಚ್ಚಿಟ್ಟೋಳು ಇನ್ನೊಂದ್ ದಿನ ಮುಚ್ಚಿಡಕ್ಕಾಗ್ಲಿಲ್ವಾ?" ಎಂದರು. "ನಾಳೆ ಆದ್ಮೇಲೆ ಹೇಳ್ಬಹುದಿತ್ತು. ಇವಾಗ ಅವಳ ಕಾಲೂ ಹೋಯ್ತು, ನಿನ್ ಕೆಲ್ಸಾನೂ ಹೋಯ್ತು. ಯಾರಿಗ್ ಏನ್ ಸಿಕ್ತು?"

ಅವರೇ ಎದ್ದು ಆಚೆ ಹೋಗಿ ಸೆಲೆಕ್ಟರ್‌ಗೆ ಫೋನ್ ಮಾಡಿದರು. ಗೋಲ್‌ಕೀಪರ್ ಗೋಲ್‌ಪೋಸ್ಟ್ ಹತ್ತಿರ ಗ್ಲೌಸ್ ಹಾಕಿಕೊಳ್ಳುತ್ತಿದ್ದಳು. ಅವಳ ಬಳಿ ಹೋಗಿ "ನೀನು ಕೇಳಿಸ್ಕೊಂಡಿದ್ದು ಸರಿ" ಎಂದೆ. ಅವಳು ಗ್ಲೌಸಿನ ಪಟ್ಟಿ ಬಿಗಿದುಕೊಂಡು ಗೋಲಿನಲ್ಲಿ ಹೋಗಿ ನಿಂತಳು.

ಮಧ್ಯಾಹ್ನ ಮತ್ತೆ ಆರ್.ಟಿ. ನಗರ. ಮೊದಲು ಅಂಗಡಿಯಲ್ಲೇ ಅವಳ ಅಬ್ಬಾಗೆ ಹೇಳಿದೆ. ನಿಂತುಕೊಂಡೇ ಹೇಳಿದೆ. ಅವಳು ಲೇಟಾಗಲಿಲ್ಲ, ನಾನು ಬೇಗ ಕೂಗಿದೆ, ನನ್ನ ಮೊಣಕಾಲು ಹಾಳಾಗಿತ್ತು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದೆ. ಅವರು ಹೊಲಿಗೆ ಮಿಷನ್ನಿನ ಪೆಡಲಿನಿಂದ ಕಾಲು ತೆಗೆದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಮೇಲಿದ್ದಾಳೆ. ಅವಳಿಗ್ ಹೇಳಿ" ಎಂದಷ್ಟೇ ಹೇಳಿ ಮಿಷನ್ನಿನ ಸೂಜಿಯನ್ನೇ ನೋಡುತ್ತ ಕೂತರು.

ಮಹಡಿಯ ಕೋಣೆಯಲ್ಲಿ ಅವಳು ಗೋಡೆಗೆ ಒರಗಿ ಕೂತಿದ್ದಳು, ಬಲಗಾಲು ಎರಡು ದಿಂಬಿನ ಮೇಲೆ. ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿ ಗುರುತು ಹಿಡಿದಿದ್ದಳು. ಕೂತೆ. ಹೇಳಿದೆ. ಕೆಳಗೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳುವುದು ಇನ್ನೂ ಕಷ್ಟವಾಯಿತು. ಕೊನೆಗೆ ದನಿ ಒಡೆದು ಅತ್ತುಬಿಟ್ಟೆ. ಅವಳು ಅಳು ನಿಲ್ಲುವವರೆಗೆ ಕಾದಳು.

"ಗೊತ್ತಿತ್ತು ಅಕ್ಕ" ಎಂದಳು.

"ಏನು?"

"ನಿಮ್ ಕಾಲು. ಸ್ಕೈವಾಕ್ ಮೆಟ್ಲಲ್ಲೇ ನೋಡಿದ್ದೆ. ಅವತ್ತಿಂದ ನಾನು ಒಂಚೂರು ನಿಮ್ ಹತ್ರಾನೇ ನಿಂತ್ಕೋತಿದ್ದೆ, ಬಿದ್ರೆ ಓಡಕ್ಕೆ." ದಿಂಬು ಸರಿ ಮಾಡಿಕೊಂಡಳು. "ಸೆಮೀಲಿ ನೀವ್ ಬೇಗ ಕೂಗಿದ್ದೂ ಅಲ್ಲೇ ಗೊತ್ತಾಯ್ತು. ಆ ಹುಡ್ಗಿ ಓಡಿ ಬರೋದು ನಂಗ್ ಕಾಣ್ತಿತ್ತು."

"ಕಂಡಿದ್ಮೇಲೆ ಯಾಕೆ ಏರಿದೆ? ನಿಂತಿದ್ರೆ ಅವಳನ್ನ ನಿಂತಲ್ಲೇ ತಡೀತಿದ್ಯಲ್ಲ."

"ನೀವೇ ಅಲ್ವಾ ಅಕ್ಕ ಹೇಳ್ಕೊಟ್ಟಿದ್ದು? ತಪ್ಪಾದ್ರೂ ನಾಲ್ಕೂ ಜನ ಒಟ್ಟಿಗೆ ತಪ್ಪಾಗ್ಬೇಕು ಅಂತ."

ಕೆಳಗೆ ಹೊಲಿಗೆ ಮಿಷನ್ ಮತ್ತೆ ಶುರುವಾಗಿ, ಸ್ವಲ್ಪ ಓಡಿ ನಿಂತಿತು. ಕಾಲು ವಾಸಿಯಾದ ಮೇಲೆ ಆಡು, ಬಿಡಬೇಡ, ತಪ್ಪು ನಿನ್ನದಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ ಎಂದೆ. ಅವಳು ಬೇಡವೆನ್ನುವಂತೆ ತಲೆಯಾಡಿಸಿದಳು.

"ಕಾಲು ಮುರೀತು ಅಂತ ಬೇಜಾರಿಲ್ಲ. ಆಟದಲ್ಲಿ ಮುರಿಯುತ್ತೆ. ಆಸ್ಪತ್ರೇಲಿ ಕೇಳಿದ್ನಲ್ಲ, ಲೇಟಾದ್ನಾ ಅಂತ. ಲೇಟಾಗಿಲ್ಲ ಅಂತ ನಂಗ್ ಗೊತ್ತಿತ್ತು ಅಕ್ಕ. ನೀವು ಏನ್ ಹೇಳ್ತೀರ ನೋಡೋಣ ಅಂತ ಕೇಳ್ದೆ."

ನಾನು ಎದ್ದೆ. ಅವಳು ಮಂಚದ ಕೆಳಗೆ ಕೈ ತೋರಿಸಿದಳು. "ಹಗ್ಗ ನನ್ ಬ್ಯಾಗಲ್ಲೇ ಉಳ್ಕೊಂಡಿದೆ. ತಗೊಂಡ್ ಹೋಗಿ, ಅವ್ರಿಗೆ ಬೇಕಾಗುತ್ತೆ."

ಬ್ಯಾಗಿನಲ್ಲಿ ನೀಲಿ ಹಗ್ಗ ಅವಳು ಯಾವತ್ತೂ ಸುತ್ತುವ ಹಾಗೇ ಅಚ್ಚುಕಟ್ಟಾಗಿ ಸುತ್ತಿಟ್ಟಿತ್ತು. ತೆಗೆದುಕೊಂಡೆ. ಬಾಗಿಲಲ್ಲಿ ನಿಂತು ಬರ್ತೀನಿ ಎಂದೆ, ಅವಳು ಹ್ಞೂಂ ಎಂದಳು. ಮೆಟ್ಟಿಲು ಕಡಿದಾಗಿತ್ತು. ಮೂರು ತಿಂಗಳಲ್ಲಿ ಮೊದಲ ಸಲ ಯಾರು ನೋಡಿದರೂ ನೋಡಲಿ ಎಂದು ಗೋಡೆ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ನಿಧಾನವಾಗಿ ಇಳಿದೆ. ಮೇಲಿನಿಂದ ಅವಳು ಕೇಳಿಸಿಕೊಳ್ಳುತ್ತಿದ್ದಳು ಎಂದು ನನಗೆ ಗೊತ್ತಿತ್ತು.